ಒಂಬತ್ತು ಇಂಚು ಗರಡಿ ಮಣ್ಣು

ಮೂಡಲಗಿಯಲ್ಲಿ ಗುರುಪಾದಪ್ಪನಷ್ಟು ಅಳತೆ ಬಲ್ಲ ಮನುಷ್ಯ ಇನ್ನೊಬ್ಬನಿಲ್ಲ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಊರಿಗೆ ಇದನ್ನು ತಿಳಿಸಿದವನು ಗುರುಪಾದಪ್ಪನೇ. ಹಿಡಕಲ್ ಡ್ಯಾಮಿನಲ್ಲಿ ಮೂವತ್ತೊಂದು ವರ್ಷ ನೌಕರಿ ಮಾಡಿ ನಿವೃತ್ತನಾದವನು ಅವನು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳಲ್ಲಿ ನೀರು ಯಾವುದನ್ನು ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯುವುದು, ನೌಕರಿ ಇಷ್ಟೇ. ಆದರೆ ಯಾರಾದರೂ ಬಾಯಿ ತಪ್ಪಿ 'ಇಂಜಿನಿಯರ್ ಸಾಹೇಬ್ರ' ಎಂದರೆ ಅವನು ತಿದ್ದಿದ ದಾಖಲೆಯಿಲ್ಲ.

ಮನೆಯಲ್ಲಿ ನಿಜವಾದ ಕೆಲಸ ಮಾಡುತ್ತಿದ್ದವಳು ಹೆಂಡತಿ ದಾಕ್ಷಾಯಿಣಿ. ಮೂಡಲಗಿ ತಾಲೂಕು ಆದಮೇಲೆ ಕಚೇರಿಗಳು ಬಂದವು, ಕಚೇರಿಗಳ ಹಿಂದೆ ನೌಕರಿಯ ಹೆಣ್ಣುಮಕ್ಕಳು ಬಂದರು, ಅವರ ಕಂಕುಳಲ್ಲಿ ಕೂಸುಗಳು ಬಂದವು. ಐದು ವರ್ಷದ ಹಿಂದೆ ಒಂದೇ ಕೂಸಿನಿಂದ ಶುರುವಾದ ದಾಕ್ಷಾಯಿಣಿಯ ಶಿಶುಪಾಲನಾ ಕೇಂದ್ರದಲ್ಲಿ ಈಗ ಹನ್ನೆರಡು ಮಕ್ಕಳಿದ್ದರು. ಐದು ಗಂಡು, ಏಳು ಹೆಣ್ಣು. ಈ ಲೆಕ್ಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಗುರುಪಾದಪ್ಪ ಮುಂದೆ ಅದನ್ನು ಬದಲಿಸಲಿದ್ದಾನೆ.

ಒಂದು ದಿನ ಗೋಕಾಕದಿಂದ ಇಲಾಖೆಯ ಪತ್ರ ಬಂತು. ತಿಂಗಳೊಳಗೆ ಅಧಿಕಾರಿಗಳು ಬಂದು ಆಟದ ಜಾಗ ಪರೀಕ್ಷಿಸುತ್ತಾರೆ. ಜೋಕಾಲಿ, ಜಾರುಬಂಡಿಗಳ ಸುತ್ತ ಆರು ಅಡಿ ಖಾಲಿ ಜಾಗವಿರಬೇಕು. ಮಕ್ಕಳು ಬೀಳುವ ಕಡೆ ಒಂಬತ್ತು ಇಂಚು ಆಳದ ಸಡಿಲವಾದ, ಮೆತ್ತನೆಯ ಹಾಸು ಇರಬೇಕು. ಕಲ್ಲು, ಫರಸಿ, ಗಟ್ಟಿ ನೆಲ ನಡೆಯುವುದಿಲ್ಲ. ಇಲ್ಲದಿದ್ದರೆ ಪರವಾನಗಿ ಮುಂದುವರಿಯುವುದಿಲ್ಲ.

ದಾಕ್ಷಾಯಿಣಿ ಪತ್ರವನ್ನು ಎರಡು ಸಲ ಓದಿ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಹಿತ್ತಲು ಕರಿಕಲ್ಲಿನಂಥ ನೆಲ. ಕೇಂದ್ರ ಮುಚ್ಚಿದರೆ ಹನ್ನೆರಡು ತಾಯಂದಿರು ಮರುದಿನ ಕೂಸುಗಳನ್ನು ಎಲ್ಲಿ ಬಿಟ್ಟು ಕಚೇರಿಗೆ ಹೋಗಬೇಕು? ಅವಳಾದರೂ ಬೆಳಗ್ಗೆದ್ದು ಯಾರ ಮುಖ ತೊಳೆಯಬೇಕು?

"ಅಳತಿ ಕೆಲಸ ಐತಲ್ಲ, ನನಗ ಬಿಡು. ನೀ ಹೆದರಬ್ಯಾಡ" ಎಂದ ಗುರುಪಾದಪ್ಪ.

"ನಿಮಗ ಬಿಡಬೇಕಲ್ಲ ಅಂತನ ಹೆದರಾಕತ್ತೇನಿ" ಎಂದಳು ದಾಕ್ಷಾಯಿಣಿ.

ಗುರುಪಾದಪ್ಪ ಮೊದಲು ಜೋಕಾಲಿಯನ್ನು ಕೈಗೆತ್ತಿಕೊಂಡ. ಅದನ್ನು ಅಲುಗಾಡದಂತೆ ನಿಲ್ಲಿಸಿ, ಹಲಗೆಯಿಂದ ನಾಲ್ಕೂ ದಿಕ್ಕಿಗೆ ಟೇಪು ಹಿಡಿದು, ಸರಿಯಾಗಿ ಆರು ಅಡಿಗೆ ಸುಣ್ಣದ ಗೆರೆ ಎಳೆದ. ಮೂವತ್ತೊಂದು ವರ್ಷ ನಿಂತ ನೀರನ್ನೇ ಅಳೆದವನಿಗೆ ಜೋಕಾಲಿ ತೂಗುತ್ತದೆ ಎಂಬ ವಿಷಯ ಹೊಳೆಯಲಿಲ್ಲ. ಮರುದಿನ ನಾಲ್ಕು ವರ್ಷದ ಒಬ್ಬ ಭೂಪ ಜೋರಾಗಿ ತೂಗಿದ. ಅವನ ಕಾಲಿನ ಬೂಟು ಹಾರಿ, ಕಂಪೌಂಡು ದಾಟಿ, ಪಕ್ಕದ ಮನೆಯ ಫಕೀರವ್ವ ಒಣಹಾಕಿದ್ದ ಶಾವಿಗೆಯ ನಡುವೆ ಇಳಿಯಿತು.

ಫಕೀರವ್ವ ಬೂಟನ್ನು ಎರಡು ಬೆರಳಲ್ಲಿ ಹಿಡಿದು ಗೋಡೆಯ ಮೇಲೆ ಮುಖ ತೋರಿಸಿದಳು. "ಇಂಜಿನಿಯರ ಸಾಹೇಬ್ರ, ನಿಂದ್ರಿಸಿದ ಜೋಕಾಲಿ ಯಾರ ಆಡ್ತಾರ್ರಿ? ತೂಗೂದನ್ನ ಅಳೀಬೇಕಲ್ಲ?"

ಗುರುಪಾದಪ್ಪ ಪತ್ರವನ್ನು ಮತ್ತೆ ಓದಿದಾಗ, ಜೋಕಾಲಿಯ ಮುಂದೆ ಮತ್ತು ಹಿಂದೆ ಅದರ ತೊಲೆಯ ಎತ್ತರದ ಎರಡು ಪಟ್ಟು ಜಾಗ ಬಿಡಬೇಕೆಂದು ಕೆಳಗಿನ ಸಾಲಿನಲ್ಲೇ ಬರೆದಿತ್ತು. ಜೋಕಾಲಿಯನ್ನು ಹಿತ್ತಲಿನ ಉದ್ದಕ್ಕೆ ತಿರುಗಿಸಿದ್ದಾಯಿತು. ಬಟ್ಟೆ ಒಣಹಾಕುವ ತಂತಿ ಹೋಯಿತು, ಕರಿಬೇವಿನ ಗಿಡ ಹೋಯಿತು, ಇನ್ನೊಂದು ಅಡಿ ಕಡಿಮೆ ಬಿದ್ದಿದ್ದರೆ ಅಡುಗೆಮನೆಯೂ ಹೋಗುತ್ತಿತ್ತು.

ಇನ್ನು ಒಂಬತ್ತು ಇಂಚಿನ ಹಾಸು. ಗಾಣದ ಮನೆಯಿಂದ ಒಂದು ಟ್ರ್ಯಾಕ್ಟರ್ ಕಬ್ಬಿನ ಸಿಪ್ಪೆ ತರಿಸಿ ಹರಡಿದ. ಮೆತ್ತಗೇನೋ ಇತ್ತು. ಆದರೆ ಆ ಸಿಪ್ಪೆಯಲ್ಲಿ ಇನ್ನೂ ಸಿಹಿ ಇದೆಯೆಂದು ಮೊದಲು ಇರುವೆಗಳಿಗೆ ಗೊತ್ತಾಯಿತು, ಆಮೇಲೆ ನೊಣಗಳಿಗೆ, ಮೂರನೇ ದಿನ ಓಣಿಯ ಎಮ್ಮೆಗಳಿಗೆ. ಗೇಟು ಮುರಿದು ಒಳಬಂದ ಎಮ್ಮೆಗಳು ಇಲಾಖೆಯ ಒಂಬತ್ತು ಇಂಚನ್ನು ಮಧ್ಯಾಹ್ನದೊಳಗೆ ಎರಡು ಇಂಚಿಗೆ ತಂದವು. ಪತ್ರ ಬಂದು ಆಗಲೇ ಹತ್ತು ದಿನ ಕಳೆದಿತ್ತು. ದಾಕ್ಷಾಯಿಣಿ ಗಂಡನ ಜೊತೆ ಮಾತು ಬಿಟ್ಟಳು.

ಆ ಸಂಕಟದಲ್ಲಿ ಗುರುಪಾದಪ್ಪನಿಗೆ ಒಂದು ವಿಚಾರ ಹೊಳೆಯಿತು. ಮನುಷ್ಯ ಎತ್ತರದಿಂದ ಬಿದ್ದರೂ ಪೆಟ್ಟಾಗದ ನೆಲ ನಮ್ಮ ಸೀಮೆಯಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ಗರಡಿ ಮನೆ ಎನ್ನುತ್ತಾರೆ. ಇಲಾಖೆಯವರಿಗೆ ಹಾಸು ಎಂದರೇನು ಎಂದು ತಿಳಿಯುವುದಕ್ಕೆ ನೂರಾರು ವರ್ಷ ಮೊದಲೇ ಪೈಲ್ವಾನರು ಅದರಲ್ಲಿ ಒಬ್ಬರನ್ನೊಬ್ಬರು ಎತ್ತಿ ಒಗೆಯುತ್ತ ಬಂದಿದ್ದಾರೆ.

ಮೂಡಲಗಿಯ ಹಣಮಪ್ಪನ ಗುಡಿಯ ಹಿಂದೆ ಸತ್ತೆಪ್ಪ ಪೈಲ್ವಾನನ ಗರಡಿ ಇತ್ತು. ಸತ್ತೆಪ್ಪನಿಗೆ ಎಪ್ಪತ್ತನಾಲ್ಕು. ಸಂಕೇಶ್ವರದ ಕುಸ್ತಿಯಲ್ಲಿ ಕೊಲ್ಲಾಪುರದ ಪೈಲ್ವಾನನನ್ನು ಚಿತ್ ಮಾಡಿ ಬೆಳ್ಳಿ ಗದೆ ತಂದವನು. ಈಗಿನ ಹುಡುಗರು ಕನ್ನಡಿಯಿರುವ ಜಿಮ್ಮಿಗೆ ಹೋಗತೊಡಗಿದ ಮೇಲೆ ಗರಡಿಗೆ ಬೀಗ ಬಿದ್ದು ಆರು ವರ್ಷವಾಗಿತ್ತು. ಆದರೂ ಸತ್ತೆಪ್ಪ ಪ್ರತಿ ಶನಿವಾರ ಬೀಗ ತೆಗೆದು, ಮಣ್ಣು ಅಗೆದು, ಮಜ್ಜಿಗೆ ಚಿಮುಕಿಸಿ, ಅರಿಷಿಣ ಬೆರೆಸಿ ಬರುತ್ತಿದ್ದ. ಅದರಲ್ಲಿ ಬೀಳುವವರು ಮಾತ್ರ ಯಾರೂ ಇರಲಿಲ್ಲ.

"ಸತ್ತೆಪ್ಪ ಕಾಕಾ, ನಿಮ್ಮ ಮಣ್ಣು ನಮ್ಮ ಹಿತ್ತಲಕ್ಕ ಬೇಕಾಗೇತಿ" ಎಂದ ಗುರುಪಾದಪ್ಪ.

"ಮಣ್ಣಂತ ಅನಬ್ಯಾಡ. ಅದು ಹಣಮಪ್ಪ" ಎಂದ ಸತ್ತೆಪ್ಪ. "ಯಾರ ಆಡಾವ್ರು?"

"ಸಣ್ಣ ಹುಡುಗ್ರು ಅದಾವ್ರಿ. ಹನ್ನೆರಡು."

"ಹನ್ನೆರಡು" ಎಂದು ಮುದುಕ ತನಗೆ ತಾನೇ ಹೇಳಿಕೊಂಡ. ಆಮೇಲೆ ಬೆರಳು ಮಡಚಿದ. "ಹಂಗಾರ ಕೇಳು. ಚಪ್ಪಲಿ ಕಾಲಾಗ ಯಾರೂ ಇಳೀಬಾರದು. ದಿನಾ ಮುಂಜಾನಿ ಅಗೀಬೇಕು, ಇಲ್ಲಂದ್ರ ಗಟ್ಟಿ ಆಗ್ತೈತಿ. ಅದನ್ನ ನಾನ ಬಂದು ಅಗೀತೇನಿ. ಮೂರನೇದು, ಹೆಣ್ಣುಮಕ್ಕಳು ಕಾಲಿಡಬಾರದು. ನಮ್ಮ ಗುರುಗಳ ಕಾಲದಿಂದ ನಡಕೊಂಡು ಬಂದೈತಿ. ಹುಡುಗ್ರೆಲ್ಲಾ ಗಂಡಲ್ಲ?"

ಇಲ್ಲಿ ಒಬ್ಬ ಸಾಮಾನ್ಯ ಮನುಷ್ಯನಾಗಿದ್ದರೆ ನಿಜ ಹೇಳುತ್ತಿದ್ದ ಅಥವಾ ಎದ್ದು ಬರುತ್ತಿದ್ದ. ಗುರುಪಾದಪ್ಪನ ಕಣ್ಣಿಗೆ ಕಂಡದ್ದು ಒಂಬತ್ತು ಇಂಚು ಮಾತ್ರ.

"ಎಲ್ಲಾ ಗಂಡ ರೀ ಕಾಕಾ. ಒಂದಕಿಂತ ಒಂದು ಗಂಡು" ಎಂದ.

ಸಂಜೆಯ ಹೊತ್ತಿಗೆ ಮಣ್ಣು ಬಂತು. ಟ್ರ್ಯಾಕ್ಟರಿನ ಮುಂದೆ ಸತ್ತೆಪ್ಪ ತಲೆಗೆ ಕೆಂಪು ಪಟಕಾ ಸುತ್ತಿಕೊಂಡು ಬಂದ. ಕಾಯಿ ಒಡೆದ, ಮಣ್ಣಿಗೆ ಎಣ್ಣೆ, ನಿಂಬೆರಸ ಬೆರೆಸಿದ, ದಾಕ್ಷಾಯಿಣಿಯ ಮನೆಯ ಅಷ್ಟೂ ಮಜ್ಜಿಗೆ ಬೆರೆಸಿದ. ಗುರುಪಾದಪ್ಪ ಸ್ಕೇಲು ಊರಿ ನೋಡಿದ. ಒಂಬತ್ತು ಇಂಚು ಗಟ್ಟಿಯಾಗಿತ್ತು, ಅಂದರೆ ಬೇಕಾದಷ್ಟು ಮೆತ್ತಗಿತ್ತು. ಆಗ ದಾಕ್ಷಾಯಿಣಿ ಅಡುಗೆಮನೆಯ ಮೆಟ್ಟಿಲಿಳಿದು ನೋಡಲು ಬಂದಳು.

"ತಂಗಿ, ನೀ ಅಲ್ಲೆ ನಿಂದರು" ಎಂದ ಸತ್ತೆಪ್ಪ.

ಗಂಡ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಮೂರನೇ ಷರತ್ತನ್ನು ಹೇಳಿದ. ದಾಕ್ಷಾಯಿಣಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಮೂವತ್ತು ವರ್ಷದ ಸಂಸಾರವಿತ್ತು.

"ಏಳು ಹೆಣ್ಣು ಕೂಸು ಅದಾವಲ್ರಿ. ಅವನ್ನ ಎಲ್ಲೆ ಮುಚ್ಚಿಡ್ಲಿ?"

"ಮುಚ್ಚಿಡೂದು ಯಾಕ? ಚಡ್ಡಿ ಹಾಕು. ಎರಡು ವರ್ಷದ ಕೂಸಿನಾಗ ಗಂಡ್ಯಾವುದು ಹೆಣ್ಯಾವುದು? ಕಾಕಾನ ಕಣ್ಣೂ ಮಂಜ ಅದಾವ. ಇನ್ನ ಹದಿನೆಂಟು ದಿನ. ಪರವಾನಗಿ ಕೈಗೆ ಬರೂತನಕ ಅಷ್ಟ."

ಬೇರೆ ದಾರಿ ಇದ್ದಿದ್ದರೆ ದಾಕ್ಷಾಯಿಣಿ ಒಪ್ಪುತ್ತಿರಲಿಲ್ಲ. ಮರುದಿನದಿಂದ ಏಳು ಹೆಣ್ಣುಮಕ್ಕಳು ಬೆಳಗ್ಗೆ ಫ್ರಾಕು ತೊಟ್ಟು ಬಾಗಿಲಲ್ಲಿ ಒಳಗೆ ಬರುವುದು, ನಡುಮನೆಯಲ್ಲಿ ಕ್ಲಿಪ್ಪು, ರಿಬ್ಬನ್ನು, ಬಳೆ ಕಳಚಿ ಚಡ್ಡಿ ಬನಿಯನ್ನು ಹಾಕಿಕೊಂಡು ಹಿತ್ತಲಿಗೆ ಹೋಗುವುದು ಶುರುವಾಯಿತು. ಸಂಜೆ ಮತ್ತೆ ಫ್ರಾಕು. ದಾಕ್ಷಾಯಿಣಿ ಮೆಟ್ಟಿಲ ಮೇಲೆ ನಿಂತು ಅಲ್ಲಿಂದಲೇ ಕರೆಯುತ್ತಿದ್ದಳು, ಅಲ್ಲಿಂದಲೇ ತಿನ್ನಿಸುತ್ತಿದ್ದಳು. ಬಿದ್ದ ಕೂಸನ್ನು ಎತ್ತುವ ಕೆಲಸ ಸತ್ತೆಪ್ಪನ ಪಾಲಿಗೆ ಬಂತು. ಅವನು ಮುಂಜಾನೆ ಆರಕ್ಕೆ ಗುದ್ದಲಿ ಹಿಡಿದು ಬಂದವನು ಕೊನೆಯ ಕೂಸು ಹೋಗುವವರೆಗೆ ಕದಲುತ್ತಿರಲಿಲ್ಲ.

ಎಲ್ಲರಿಗೂ ಗಂಡು ಹೆಸರು ಬೇಕಲ್ಲ, ಅದನ್ನೂ ಗುರುಪಾದಪ್ಪನೇ ಇಟ್ಟ. ಹೆಸರಿಡುವಾಗ ಒಂದು ಕಡೆ ಬರೆದುಕೊಳ್ಳಲಿಲ್ಲ. ಹೀಗಾಗಿ ಸೋಮವಾರ ಸುನೀಲನಾಗಿದ್ದ ಕೂಸು ಮಂಗಳವಾರ ಕೇದಾರಿಯಾಗುತ್ತಿತ್ತು. ಆ ಏಳರಲ್ಲಿ ಮೂರು ವರ್ಷದ ಶಿವಾನಿ ಒಬ್ಬಳು. ತಹಶೀಲ್ದಾರ ಕಚೇರಿಯ ಗುಮಾಸ್ತೆಯ ಮಗಳು. ಜವಳ ತೆಗೆಸಿ ವಾರವಷ್ಟೇ ಆಗಿದ್ದರಿಂದ ತಲೆ ನುಣ್ಣಗೆ ಇತ್ತು, ಗುರುಪಾದಪ್ಪನಿಗೆ ಅವಳಿಂದ ತೊಂದರೆ ಇರಲಿಲ್ಲ. ಅವಳಿಗೆ ವಿಠ್ಠಲ ಎಂದು ಹೆಸರಿಟ್ಟ.

ಈ ವಿಠ್ಠಲನೇ ಸತ್ತೆಪ್ಪನ ಕಣ್ಣಿಗೆ ಬಿದ್ದ. ಜಾರುಬಂಡಿಯಿಂದ ತಲೆಕೆಳಗಾಗಿ ಬಿದ್ದರೂ ಅಳದೆ ಎದ್ದು ಮತ್ತೆ ಹತ್ತುವ ಕೂಸು.

"ಗುರುಪಾದಪ್ಪ, ಈ ಹುಡುಗನ ನಿಲುವು ನೋಡು. ಕಾಲು ಊರೂದು ನೋಡು. ಇಂವ ಗದಿ ಹೊಡೀತಾನ" ಎಂದು ಸತ್ತೆಪ್ಪ ಅವಳಿಗೆ ತೊಡೆ ತಟ್ಟಿ ಶಡ್ಡು ಹೊಡೆಯುವುದನ್ನು ಕಲಿಸಿದ. "ಒಂದ ಊನ ಐತಿ. ವಿಠ್ಠಲಾ ಅಂತ ಎಷ್ಟ ಕರದ್ರೂ ಹೊಳ್ಳಿ ನೋಡೂದಿಲ್ಲ. ಕಿವಿ ಮಂದ."

"ಹೌದ್ರಿ, ಹುಟ್ಟಾ ಮಂದ" ಎಂದ ಗುರುಪಾದಪ್ಪ. ಒಂದು ಸುಳ್ಳಿಗೆ ಇನ್ನೊಂದನ್ನು ಊರುಗೋಲಾಗಿ ಕೊಡುವುದರಲ್ಲಿ ಅವನು ಅಷ್ಟರಲ್ಲಿ ಪಳಗಿದ್ದ. ಸತ್ತೆಪ್ಪ ಮರುದಿನದಿಂದ ಬೆಳ್ಳುಳ್ಳಿ ಕಾಸಿದ ಎಣ್ಣೆ ತಂದು ಕೂಸಿನ ಕಿವಿಯ ಹಿಂದೆ ತಿಕ್ಕತೊಡಗಿದ.

ಎಂಟು ದಿನವಾದ ಮೇಲೆ ಶಿವಾನಿಯ ಅಜ್ಜಿ ಲಕ್ಕವ್ವ ಬಂದಳು. ಗೇಟಿನಿಂದಲೇ ದನಿ ಬಂತು.

"ಏನ ನಡಸೀರಿ ನೀವು? ನಮ್ಮ ಮಮ್ಮಗಳ ಕಿವಿ ಬಳ್ಳೊಳ್ಳಿ ನಾರ್ತೈತಿ. ಮೈತುಂಬ ಕೆಂಪ ಮಣ್ಣು. ನಿನ್ನಿ ಹಾಲ ಕುಡಿ ಅಂದ್ರ ತೊಡಿ ತಟ್ಟಿ 'ಬಾ' ಅಂತಾಳ. ನನಗ. ಅಜ್ಜಿಗೆ."

ಗುರುಪಾದಪ್ಪ ಅವಳನ್ನು ನಡುಮನೆಗೆ ಕರೆದು, ಬಾಗಿಲು ಹಾಕಿ, ನಿಜಸಂಗತಿ ಹೇಳಿದ. ಲಕ್ಕವ್ವನ ಸಿಟ್ಟು ನೆತ್ತಿಗೇರಿತು. "ಹೆಣ್ಣ ಕೂಸಿನ್ನ ಗಂಡ ಮಾಡೀರಿ? ಈಗ ಹೋಗಿ ಆ ಮುದುಕಗ ಹೇಳಿ ಬರ್ತೇನಿ."

"ಹೇಳ್ರಿ" ಎಂದಳು ಒಳಗಿನಿಂದ ದಾಕ್ಷಾಯಿಣಿ. "ಹೇಳಿದ್ರ ಅಂವ ಮಣ್ಣ ತುಂಬಕೊಂಡ ಹೋಗ್ತಾನ. ಮಣ್ಣ ಹೋದ್ರ ಪರವಾನಗಿ ಇಲ್ಲ. ನಾಳಿಂದ ಶಿವಾನಿನ್ನ ಮುಂಜಾನಿ ಒಂಬತ್ತರಿಂದ ಸಂಜಿ ಆರರತನಕ ನೀವ ನೋಡಕೋಬೇಕು."

ಲಕ್ಕವ್ವ ಈ ಮಾತನ್ನು ತೂಗಿ ನೋಡಿದಳು. ಮಧ್ಯಾಹ್ನ ಅವಳಿಗೆ ಎರಡು ಧಾರಾವಾಹಿ, ಸಂಜೆ ಅಕ್ಕನ ಬಳಗದಲ್ಲಿ ವಚನ. ಎದ್ದು ಹಿತ್ತಲ ಬಾಗಿಲಿಗೆ ಹೋಗಿ, ಸತ್ತೆಪ್ಪನಿಗೆ ಕೇಳುವಂತೆ ಕೂಗಿದಳು. "ಏ ವಿಠ್ಠಲಾ, ಅಜ್ಜನ ಮಾತ ಕೇಳಪಾ, ಹಟಾ ಮಾಡಬ್ಯಾಡ."

ಹೀಗೆ ಗುಟ್ಟು ಸತ್ತೆಪ್ಪನೊಬ್ಬನನ್ನು ಬಿಟ್ಟು ಎಲ್ಲರಿಗೂ ತಿಳಿದು, ಓಣಿಗೆ ಓಣಿಯೇ ಏಳು ಹೆಣ್ಣುಮಕ್ಕಳನ್ನು ಗಂಡು ಮಾಡಿಕೊಂಡು ಹದಿನೆಂಟು ದಿನ ಕಳೆಯಿತು. ಕೆಂಪು ಮಣ್ಣು ಹತ್ತಿದ ಹನ್ನೆರಡು ಜೊತೆ ಬಟ್ಟೆಯನ್ನು ದಾಕ್ಷಾಯಿಣಿ ದಿನಾ ಸಂಜೆ ತಿಕ್ಕಿ ತಿಕ್ಕಿ ತೊಳೆದಳು.

ಗೋಕಾಕದ ಅಧಿಕಾರಿ ಬಂದರು. ಹೆಸರು ಸಪ್ನಾ, ವಯಸ್ಸು ಮೂವತ್ತರ ಒಳಗೆ. ಕೈಯಲ್ಲಿ ಉಕ್ಕಿನ ಸ್ಕೇಲು, ಬಗಲಲ್ಲಿ ಫೈಲು, ಮುಖದಲ್ಲಿ ನಗು ಇಲ್ಲ. ಹೆಣ್ಣು ಅಧಿಕಾರಿ ಬರಬಹುದೆಂದು ಗುರುಪಾದಪ್ಪ ಅಳೆದಿರಲಿಲ್ಲ. ಸತ್ತೆಪ್ಪ ಜೋಕಾಲಿಯ ಪಕ್ಕ ಗುದ್ದಲಿ ಊರಿ ನಿಂತಿದ್ದ. ಹಿತ್ತಲ ಬಾಗಿಲಲ್ಲಿ ದಾಕ್ಷಾಯಿಣಿ, ಅವಳ ಹಿಂದೆ ಕೂಸನ್ನು ಬಿಡಲು ಬಂದು ತಮಾಷೆ ನೋಡಲು ನಿಂತ ಲಕ್ಕವ್ವ.

ಸಪ್ನಾ ಮೆಟ್ಟಿಲ ಮೇಲೆ ನಿಂತೇ ಫೈಲು ಬಿಚ್ಚಿದರು. "ಜಾಗಾ ಆಮ್ಯಾಲ ಅಳೀತೇನಿ. ಮೊದಲ ಮಕ್ಕಳ ಹಾಜರಿ ಆಗ್ಲಿ. ಗಂಡು ಐದು, ಹೆಣ್ಣು ಏಳು. ಬರೋಬ್ಬರಿ?"

ಹಿತ್ತಲಿನಲ್ಲಿ ಹನ್ನೆರಡು ಚಡ್ಡಿಗಳು ಆಡುತ್ತಿದ್ದವು. ಗುರುಪಾದಪ್ಪ ಸತ್ತೆಪ್ಪನ ಕಡೆ ನೋಡಿದ, ಅಧಿಕಾರಿಯ ಕಡೆ ನೋಡಿದ.

"ಹೆಣ್ಣುಮಕ್ಕಳು ಇಲ್ರಿ ಮೇಡಮ್ಮಾರ" ಎಂದ.

"ಇಲ್ಲಂದ್ರ? ಇವತ್ತ ಬಂದಿಲ್ಲೇನು?"

"ಇವತ್ತಂತ ಅಲ್ರಿ. ಇಲ್ಲ ಇಲ್ರಿ."

ಸಪ್ನಾ ಕನ್ನಡಕದ ಮೇಲಿಂದ ನೋಡಿದರು. "ಯಜಮಾನ್ರ, ಏಳು ಹುಡಿಗ್ಯಾರ ಹೆಸರು, ತಾಯಿ ಸಹಿ, ಫೋಟೋ ಎಲ್ಲಾ ನನ್ನ ಫೈಲಿನಾಗ ಅದಾವ. ತಾಯಂದ್ರು ದಿನಾ ನಿಮ್ಮ ಮನಿಗೆ ಬಿಟ್ಟ ಹೋಗ್ತಾರ. ಏಳು ಮಕ್ಕಳು ಎಲ್ಲಿ ಹೋಗ್ಯಾರ?"

ಈ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲೆ ಫಕೀರವ್ವನ ಮುಖ ಮೂಡಿತು. ಸಹಾಯ ಮಾಡುವ ಸದುದ್ದೇಶದಿಂದಲೇ ಅವಳು ಹೇಳಿದಳು. "ಖರೆ ರೀ ಮೇಡಮ್ಮ. ಹದಿನೆಂಟು ದಿನಾ ಆತು, ಈ ಹಿತ್ತಲದಾಗ ನಾ ಒಂದ ಫ್ರಾಕು ಕಂಡಿಲ್ಲ. ಹಣಮಪ್ಪನ ಆಣಿ."

ಸಪ್ನಾ ಮೊಬೈಲ್ ತೆಗೆದರು. "ಏಳು ಹೆಣ್ಣುಮಕ್ಕಳು ಕಾಣೂದಿಲ್ಲಂದ್ರ ಇದು ನನ್ನ ಇಲಾಖೆ ಕೆಲಸ ಅಲ್ಲ. ಠಾಣೆಗೆ ಹೇಳ್ತೇನಿ."

ಠಾಣೆ ಎಂದದ್ದೇ ಗುರುಪಾದಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಣ್ಣು ಇದ್ದಾರೆ ಎಂದರೆ ಮಣ್ಣು ಹೋಗುತ್ತದೆ, ಇಲ್ಲ ಎಂದರೆ ತಾನೇ ಹೋಗುತ್ತಾನೆ. ಅವನು ಎರಡರ ನಡುವಿನ ದಾರಿ ಹಿಡಿದ. "ಇದ್ರೂ ಇರಬಹುದು ರೀ" ಎಂದ.

"ಸಾಕ ಬಿಡ್ರಿ" ಎಂದಳು ದಾಕ್ಷಾಯಿಣಿ.

ಅವಳು ಸತ್ತೆಪ್ಪನ ಕಡೆ ತಿರುಗಿದಳು. ಅಂಚಿನಲ್ಲೇ ನಿಂತಿದ್ದಳು, ಮಣ್ಣಿಗೆ ಕಾಲು ತಾಗಿಸಲಿಲ್ಲ. "ಕಾಕಾ, ನಿಮಗ ಸುಳ್ಳ ಹೇಳೇವಿ. ಈ ಹನ್ನೆರಡರಾಗ ಏಳು ಹೆಣ್ಣು. ಆ ವಿಠ್ಠಲ ಅಂತೀರಲ್ಲ, ಆಕಿ ಹೆಸರು ಶಿವಾನಿ. ಆಕಿ ಕಿವಿಗೆ ಏನೂ ಆಗಿಲ್ಲ. ನಿಮ್ಮ ಮಣ್ಣು ನೀವು ಒಯ್ರಿ. ಪರವಾನಗಿ ಹೋದ್ರ ಹೋಗ್ಲಿ. ಇಲ್ಲಿರೂ ಕೂಸುಗಳನ್ನ ಇಲ್ಲಂತ ಇನ್ನೊಮ್ಮಿ ಹೇಳೂದು ನನ್ನ ಕಡಿಂದ ಆಗೂದಿಲ್ಲ."

ತನ್ನ ನಿಜವಾದ ಹೆಸರು ಕಿವಿಗೆ ಬಿದ್ದದ್ದೇ ಶಿವಾನಿ ಗರಕ್ಕನೆ ತಿರುಗಿ ನೋಡಿದಳು. ಸತ್ತೆಪ್ಪ ಗುದ್ದಲಿಯನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಸಿಕ್ಕಿಬಿದ್ದವನ ನಾಚಿಕೆ ಕಂಡಿತು.

"ಗೊತ್ತೈತಿ ತಂಗಿ" ಎಂದ.

"ಏನ ಗೊತ್ತೈತಿ?" ಎಂದ ಗುರುಪಾದಪ್ಪ.

"ಎರಡನೇ ದಿನಾನ ಗೊತ್ತಾತು. ತಂಗಿ ಮಣ್ಣಾಗ ಇಳಿಯಂಗಿಲ್ಲ. ಕೂಸು ಚಡ್ಡಿ ತೋಯಿಸಿಕೊಂಡ್ರ ಬದಲ ಮಾಡಾವ್ರು ಯಾರು? ನೀ ಮಾಡ್ತಿದ್ದೇನು?"

ಓಣಿಗೆ ಓಣಿಯೇ ಹದಿನೆಂಟು ದಿನ ಕಾಪಾಡಿದ ಗುಟ್ಟಿನಲ್ಲಿ ಚಡ್ಡಿ ಬದಲಿಸುವ ವಿಷಯ ಯಾರಿಗೂ ಹೊಳೆದಿರಲಿಲ್ಲ. ಲಕ್ಕವ್ವ ಬಾಯಿಗೆ ಸೆರಗು ಇಟ್ಟುಕೊಂಡಳು.

"ಮತ್ತ ಕಿವಿಗೆ ಎಣ್ಣಿ ಯಾಕ ತಿಕ್ಕಿದ್ರಿ?" ಎಂದು ಕೇಳಿದಳು.

"ನನಗ ಗೊತ್ತಿಲ್ಲಂತ ಇಂವಗ ನಂಬಸಬೇಕಲ್ಲ" ಎಂದು ಸತ್ತೆಪ್ಪ ಗುರುಪಾದಪ್ಪನ ಕಡೆ ಗದ್ದ ಎತ್ತಿ ತೋರಿಸಿದ. ಆಮೇಲೆ ದನಿ ಇಳಿಯಿತು. "ಗೊತ್ತೈತಿ ಅಂದ್ರ ನಮ್ಮ ಗುರುಗಳ ಮಾತಿನ ಪ್ರಕಾರ ಮಣ್ಣ ಎತ್ತಬೇಕಾಗ್ತಿತ್ತು. ಎತ್ತಿ ಎಲ್ಲೆ ಒಯ್ಲಿ? ಆರು ವರ್ಷ ಅಗದೇನಿ. ಒಬ್ಬರೂ ಬಿದ್ದಿರಲಿಲ್ಲ ಅದರಾಗ. ಇಲ್ಲೆ ದಿನಾ ಹನ್ನೆರಡು ಬೀಳ್ತಾವ, ಏಳ್ತಾವ. ಮುಂಜಾನಿ ಎದ್ದ ಕೂಡ್ಲೆ ಎಲ್ಲೆ ಹೋಗಬೇಕಂತ ನನಗ ಗೊತ್ತಿರ್ತೈತಿ."

ಸಪ್ನಾ ಮೊಬೈಲನ್ನು ಪರ್ಸಿಗೆ ಹಾಕಿದರು. ಮಕ್ಕಳನ್ನು ಒಂದೊಂದಾಗಿ ಫೋಟೋಕ್ಕೆ ಹೋಲಿಸಿ ನೋಡಿ, ಐದು ಎಂದು ಬರೆದರು, ಏಳು ಎಂದು ಬರೆದರು. ಆಮೇಲೆ ಸ್ಕೇಲು ಹಿಡಿದು ಮೆಟ್ಟಿಲ ಅಂಚಿನಲ್ಲಿ ನಿಂತರು.

"ಅಜ್ಜಾ, ನಾನೂ ಹೆಣ್ಣಮಗಳು. ಇಳೀದ ಅಳ್ಯಾಕ ಆಗೂದಿಲ್ಲ. ಅಳೀದ ಸಹಿ ಮಾಡಾಕ ಆಗೂದಿಲ್ಲ. ನೀವ ಹೇಳ್ರಿ."

ಸತ್ತೆಪ್ಪ ಗುಡಿಯಿರುವ ದಿಕ್ಕಿಗೆ ಒಮ್ಮೆ ನೋಡಿದ. ಹಣಮಪ್ಪನಿಗೆ ಏನು ಹೇಳಿದನೋ, ಹಣಮಪ್ಪ ಏನು ಹೇಳಿದನೋ, ಅದು ಇಲಾಖೆಯ ಫೈಲಿನಲ್ಲಿ ಇಲ್ಲ.

"ಚಪ್ಪಲಿ ಅಲ್ಲೆ ಬಿಟ್ಟು ಬರ್ರಿ" ಎಂದ.

ಸಪ್ನಾ ಬರಿಗಾಲಲ್ಲಿ ಇಳಿದರು. ಜೋಕಾಲಿಯ ಕೆಳಗೆ, ಜಾರುಬಂಡಿಯ ಬಾಯಲ್ಲಿ, ಗೋಡೆಯ ಹತ್ತಿರ, ನಾಲ್ಕು ಕಡೆ ಸ್ಕೇಲು ಊರಿದರು. ಜೋಕಾಲಿಯನ್ನು ತೂಗಿಸಿ ಟೇಪು ಹಿಡಿದರು. "ಒಂಬತ್ತೂವರಿ ಇಂಚು. ಜಾಗಾನೂ ಸರಿ ಐತಿ" ಎಂದು ಬರೆದುಕೊಂಡರು. ಅಳತೆ ತನ್ನದೆಂದು ಗುರುಪಾದಪ್ಪ ಏನೋ ಹೇಳಲು ಹೋದ, ಬರಿಗಾಲಲ್ಲಿ ಇಳಿದು ಬಂದ ಲಕ್ಕವ್ವ ಅವನ ಕೈಗೆ ಶಿವಾನಿಯ ಹಾಲಿನ ಲೋಟ ಕೊಟ್ಟಳು. ಸಹಿ ಮಾಡುವ ಮೊದಲು ಸಪ್ನಾ ಒಂದು ಷರತ್ತು ಸೇರಿಸಿದರು: ಮಣ್ಣನ್ನು ದಿನಾ ಅಗೆದು ಸಡಿಲ ಇಡಬೇಕು, ಅದಕ್ಕೆ ಒಬ್ಬರು ಖಾಯಂ ಇರಬೇಕು. ಸತ್ತೆಪ್ಪ ಮುಖ ಆಚೆ ತಿರುಗಿಸಿಕೊಂಡು ಮೂಗು ಒರೆಸಿಕೊಂಡ.

ಎಲ್ಲರೂ ಮಣ್ಣಿನಲ್ಲಿದ್ದರು. ದಾಕ್ಷಾಯಿಣಿ ಒಬ್ಬಳೇ ಮೆಟ್ಟಿಲ ಮೇಲಿದ್ದಳು.

"ನೀ ಯಾಕ ಅಲ್ಲೆ ನಿಂತಿ ತಂಗಿ? ನಿನ್ನ ಹಿತ್ತಲ ಇದು. ಬಾ" ಎಂದ ಸತ್ತೆಪ್ಪ.

ಅವಳು ಸೀರೆ ಸ್ವಲ್ಪ ಎತ್ತಿ ಹಿಡಿದು ಇಳಿದಳು. ಒಂದು ಹೆಜ್ಜೆ ಇಟ್ಟಳು, ಹಿಮ್ಮಡಿ ಮಣ್ಣಿನಲ್ಲಿ ಹೂತಿತು. ಇನ್ನೊಂದು ಹೆಜ್ಜೆ ಇಟ್ಟು ನಿಂತುಬಿಟ್ಟಳು. ಹನ್ನೆರಡು ಮಕ್ಕಳ ಬಟ್ಟೆಯಿಂದ ಅದರ ಕಲೆಯನ್ನು ಹದಿನೆಂಟು ದಿನ ತೊಳೆದವಳು ಅವಳು. ಅದು ಇಷ್ಟು ಮೆತ್ತಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.